ಮೇಲ್ ಕೈಕೊಟ್ಟಾಗ ಮೊದಲು ಬ್ರೌಸರ್ ತೆರೆಯಿರಿ

"ಮೇಲ್ ಬರ್ತಾ ಇಲ್ಲ." "ಹಳೇ ಮೇಲೆಲ್ಲ ಕಾಣ್ತಿಲ್ಲ." "ಪಾಸ್‌ವರ್ಡ್ ಮತ್ತೆ ಮತ್ತೆ ಕೇಳ್ತಿದೆ." ಕಚೇರಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ನನಗೆ ಹೆಚ್ಚಾಗಿ ಬರುವ ದೂರುಗಳು ಇವೇ. ನನಗೆ ಫೋನ್ ಮಾಡುವ ಹೊತ್ತಿಗೆ ಎಷ್ಟೋ ಜನ ಅಕೌಂಟ್ ಅಳಿಸಿ ಮತ್ತೆ ಸೇರಿಸಿರುತ್ತಾರೆ. ಮೇಲ್ ನಿಜವಾಗಿ ಕಳೆದುಹೋಗುವುದು ಬಹಳ ಸಲ ಈ ಆತುರದಿಂದಲೇ.

ಅದಕ್ಕೇ ಮೊದಲು ಬ್ರೌಸರ್ ತೆರೆದು, ಅದೇ ಅಕೌಂಟಿಗೆ ಲಾಗಿನ್ ಆಗಿ ನೋಡಿ ಅನ್ನುತ್ತೇನೆ. ಹುಡುಕುತ್ತಿರುವ ಮೇಲ್ ಅಲ್ಲಿದ್ದರೆ ಅದು ಸರ್ವರ್‌ನಲ್ಲಿ ಭದ್ರವಾಗಿದೆ, ತೊಂದರೆ ನಿಮ್ಮ ಕಂಪ್ಯೂಟರಿನದು. ಹೊಸ ಮೇಲ್ ಅಲ್ಲೂ ಬಂದಿಲ್ಲ ಅಂದರೆ ಕಂಪ್ಯೂಟರಿನಲ್ಲಿರುವ ಔಟ್‌ಲುಕ್ ಥರದ ಮೇಲ್ ಪ್ರೋಗ್ರಾಂ ಅನ್ನು ಸುಮ್ನೆ ಕೆದಕಿ ಪ್ರಯೋಜನವಿಲ್ಲ. ಮೇಲ್‌ಬಾಕ್ಸ್ ತುಂಬಿದೆಯಾ, ಜಂಕ್ ಫೋಲ್ಡರ್‌ಗೆ ಹೋಗಿದೆಯಾ, ಯಾವತ್ತೋ ಹಾಕಿದ ರೂಲ್ ಅದನ್ನು ಬೇರೆ ಫೋಲ್ಡರ್‌ಗೆ ತಳ್ಳಿದೆಯಾ ನೋಡಿ.

ಒಂದು ಸಂದರ್ಭದಲ್ಲಿ ಮಾತ್ರ ಇದು ತಲೆಕೆಳಗಾಗುತ್ತದೆ. ಅಕೌಂಟ್ ಪಾಪ್ ಮಾದರಿಯದಾಗಿದ್ದರೆ ಮೇಲ್‌ಗಳು ಕಂಪ್ಯೂಟರಿಗೆ ಇಳಿದು, ಸರ್ವರ್‌ನಿಂದ ಆಗಲೇ ಅಥವಾ ಕೆಲವು ದಿನಗಳ ನಂತರ ಅಳಿಸಿಹೋಗಿರಬಹುದು. ಆಗ ವೆಬ್‌ನಲ್ಲಿ ಹಳೆಯದೇನೂ ಕಾಣುವುದಿಲ್ಲ, ಇರುವ ಒಂದೇ ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿದೆ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಪಾಪ್ ಅಂತಿದೆಯಾ, ಮೇಲ್‌ಗಳನ್ನು ಸರ್ವರ್‌ನಲ್ಲೇ ಉಳಿಸುವ ಐಮ್ಯಾಪ್ ಅಂತಿದೆಯಾ ನೋಡದೆ ಏನನ್ನೂ ಅಳಿಸಬೇಡಿ.

ಕ್ಲಾಸಿಕ್ ಔಟ್‌ಲುಕ್ (ಹಳೇ ಮಾದರಿಯ ಔಟ್‌ಲುಕ್) ಬಳಸುವವರು ಎರಡು ಬಗೆಯ ಫೈಲ್‌ಗಳನ್ನು ಗುರುತಿಟ್ಟುಕೊಳ್ಳಬೇಕು. ಓಎಸ್‌ಟಿ ಅಂದರೆ ಸರ್ವರ್‌ನಲ್ಲಿರುವುದರ ನಕಲು. ಕೆಟ್ಟರೆ ಔಟ್‌ಲುಕ್ ಮುಚ್ಚಿ ಅದರ ಹೆಸರು ಬದಲಿಸಿದರೆ ಸಾಕು, ಮತ್ತೆ ತೆರೆದಾಗ ಹೊಸದು ತಾನೇ ತಯಾರಾಗುತ್ತದೆ. ಅಳಿಸಬೇಡಿ, ಹೆಸರು ಬದಲಿಸಿ ಅನ್ನುವುದಕ್ಕೆ ಕಾರಣವಿದೆ. ಇನ್ನೂ ಸರ್ವರ್‌ಗೆ ಹೋಗದ ಮೇಲ್ ಅದರಲ್ಲಿ ಉಳಿದಿರಬಹುದು. ಐಮ್ಯಾಪ್ ಅಕೌಂಟಿನಲ್ಲಿ 'ದಿಸ್ ಕಂಪ್ಯೂಟರ್ ಓನ್ಲಿ' ಎಂಬ ಗುರುತಿರುವ ಕ್ಯಾಲೆಂಡರ್, ಕಾಂಟ್ಯಾಕ್ಟ್‌ಗಳು ಇರುವುದೂ ಆ ಫೈಲಿನಲ್ಲಿ ಮಾತ್ರ. ಪಿಎಸ್‌ಟಿ ಹಾಗಲ್ಲ. ಅದು ನಕಲಲ್ಲ, ಅದೇ ಮೂಲ. ಕೆಟ್ಟರೆ ಮೊದಲು ಒಂದು ಕಾಪಿ ಮಾಡಿಟ್ಟುಕೊಂಡು, ಔಟ್‌ಲುಕ್ ಜೊತೆಗೇ ಬರುವ ಸ್ಕ್ಯಾನ್‌ಪಿಎಸ್‌ಟಿ ಎಂಬ ರಿಪೇರಿ ಪ್ರೋಗ್ರಾಂ ಓಡಿಸಿ.

"ಒಂದು ವರ್ಷದ ಹಿಂದಿನ ಮೇಲ್ ಮಾಯವಾಗಿದೆ" ಅನ್ನುವವರು ಗಾಬರಿಯಾಗಬೇಕಿಲ್ಲ. ಕಂಪನಿಯ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್) ಅಕೌಂಟುಗಳಲ್ಲಿ ಎಷ್ಟು ತಿಂಗಳ ಮೇಲ್ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಕು ಎಂಬುದಕ್ಕೆ ಒಂದು ಸ್ಲೈಡರ್ ಇರುತ್ತದೆ. ಬಹಳ ಸಲ ಅದು 12 ತಿಂಗಳಿಗೆ ನಿಂತಿರುತ್ತದೆ. ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು 'ಆಲ್'ಗೆ ಎಳೆಯಿರಿ.

ಔಟ್‌ಲುಕ್ ಸರ್ಚ್‌ನಲ್ಲಿ ಸಿಗದ ಮೇಲ್ ಬ್ರೌಸರ್‌ನಲ್ಲಿ ಹುಡುಕಿದಾಗ ಸಿಕ್ಕರೆ ಇಂಡೆಕ್ಸ್ (ಹುಡುಕಲು ಕಂಪ್ಯೂಟರ್ ಇಟ್ಟುಕೊಳ್ಳುವ ಪಟ್ಟಿ) ಕೆಟ್ಟಿರುವ ಸಾಧ್ಯತೆ ಜಾಸ್ತಿ. ವಿಂಡೋಸ್‌ನ ಇಂಡೆಕ್ಸಿಂಗ್ ಆಪ್ಷನ್ಸ್‌ನಲ್ಲಿ ರೀಬಿಲ್ಡ್ ಒತ್ತಿ, ಕಂಪ್ಯೂಟರ್ ಚಾಲೂ ಇರಲಿ. ಮೇಲ್ ಜಾಸ್ತಿಯಿದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ.

ಥಂಡರ್‌ಬರ್ಡ್ ಎಂಬ ಇನ್ನೊಂದು ಮೇಲ್ ಪ್ರೋಗ್ರಾಂನಲ್ಲಿ ಮೇಲ್ ಕಾಣದಿದ್ದರೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ 'ರಿಪೇರ್ ಫೋಲ್ಡರ್' ಒತ್ತಿ. ಹಾಗೆ ಕಾಣದಿರುವಾಗ 'ಕಾಂಪ್ಯಾಕ್ಟ್' ಮಾತ್ರ ಮುಟ್ಟಬೇಡಿ. ಥಂಡರ್‌ಬರ್ಡ್‌ನಲ್ಲಿ ಡಿಲೀಟ್ ಮಾಡಿದ ಮೇಲ್ ಫೈಲಿನಿಂದ ಕೂಡಲೇ ಹೋಗುವುದಿಲ್ಲ, ಬರೀ ಗುರುತು ಬಿದ್ದಿರುತ್ತದೆ. ಕಾಂಪ್ಯಾಕ್ಟ್ ಮಾಡಿದಾಗಲೇ ಅದು ನಿಜವಾಗಿ ಅಳಿಯುವುದು. ಎಲ್ಲ ಸರಿಯಿದ್ದು ಜಾಗ ಉಳಿಸಬೇಕಾದಾಗ ಕಾಂಪ್ಯಾಕ್ಟ್ ಒಳ್ಳೆಯದೇ.

ಔಟ್‌ಲುಕ್‌ನ ಔಟ್‌ಬಾಕ್ಸ್‌ನಲ್ಲಿ ಸಿಕ್ಕಿಕೊಂಡ ಮೇಲ್ ಅಳಿಸಲೂ ಬರುವುದಿಲ್ಲ, ಕಳಿಸಲೂ ಆಗುವುದಿಲ್ಲ, ಅಲ್ವಾ? 'ವರ್ಕ್ ಆಫ್‌ಲೈನ್' ಒತ್ತಿ, ಸ್ವಲ್ಪ ಕಾದು, ಅದನ್ನು ಡ್ರಾಫ್ಟ್ಸ್‌ಗೆ ಎಳೆದು ಹಾಕಿ. ಆಗಲೂ ಬಿಡದಿದ್ದರೆ ಔಟ್‌ಲುಕ್ ಮುಚ್ಚಿ ತೆರೆದು ಮತ್ತೆ ಎಳೆಯಿರಿ. ಕಾರಣ ಹೆಚ್ಚಾಗಿ ದೊಡ್ಡ ಅಟ್ಯಾಚ್‌ಮೆಂಟ್. ಮೇಲ್‌ನಲ್ಲಿ ಹೋಗುವಾಗ ಫೈಲು ಅಕ್ಷರಗಳಾಗಿ ಬದಲಾಗುವುದರಿಂದ ಅದರ ಗಾತ್ರ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. 20 ಎಂಬಿ ಫೈಲು ಸುಮಾರು 27 ಎಂಬಿ ಆಗುತ್ತದೆ. ಮಿತಿ 25 ಎಂಬಿ ಇದ್ದರೂ 20 ಎಂಬಿ ಹೋಗದಿರುವುದು ಇದಕ್ಕೇ. ಅಂಥ ಫೈಲಿಗೆ ಲಿಂಕ್ ಕಳಿಸಿ.

ಸರಿಯಾದ ಪಾಸ್‌ವರ್ಡ್ ಹಾಕಿದರೂ ಮತ್ತೆ ಕೇಳುತ್ತಿದ್ದರೆ ಅದನ್ನೇ ಹತ್ತಾರು ಸಲ ಹೊಡೆಯಬೇಡಿ, ಅಕೌಂಟ್ ಲಾಕ್ ಆಗಬಹುದು. ಗೂಗಲ್ ಮತ್ತು ಮೈಕ್ರೋಸಾಫ್ಟ್ ಎರಡೂ 2022ರಿಂದ ಬರೀ ಪಾಸ್‌ವರ್ಡ್ ನಂಬಿ ಬಾಗಿಲು ತೆರೆಯುವ ಹಳೇ ಪದ್ಧತಿಯನ್ನು ನಿಲ್ಲಿಸುತ್ತಾ ಬಂದಿವೆ. ಹಳೇ ಪ್ರೋಗ್ರಾಂ ಆಗಿದ್ದರೆ ಹೊಸ ಆವೃತ್ತಿಗೆ ಹೋಗಿ. ಥಂಡರ್‌ಬರ್ಡ್ ಆಗಿದ್ದರೆ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ಓಆತ್2 ಎಂಬ ಹೊಸ ಲಾಗಿನ್ ಪದ್ಧತಿ ಆರಿಸಿ. ಮೇಲ್ ಕಳಿಸುವ ಸರ್ವರ್‌ಗೂ ಅದನ್ನೇ ಆರಿಸುವುದನ್ನು ತುಂಬಾ ಜನ ಮರೆಯುತ್ತಾರೆ.

ಔಟ್‌ಲುಕ್ ತೆರೆಯುವಾಗಲೇ ತೂಕಡಿಸಿದರೆ ಕಂಟ್ರೋಲ್ ಕೀ ಒತ್ತಿ ಹಿಡಿದು ಅದರ ಐಕಾನ್ ಕ್ಲಿಕ್ ಮಾಡಿ. ಹಾಗೆ ತೆರೆದುಕೊಳ್ಳುವ ಸೇಫ್ ಮೋಡ್‌ನಲ್ಲಿ ಚುರುಕಾಗಿ ಓಡಿದರೆ ಯಾವುದೋ ಆಡ್-ಇನ್ (ಔಟ್‌ಲುಕ್‌ಗೆ ಜೋಡಿಸಿದ ಚಿಕ್ಕ ಪ್ರೋಗ್ರಾಂ) ತೊಂದರೆ ಕೊಡುತ್ತಿದೆ ಎಂದರ್ಥ. ಒಂದೊಂದಾಗಿ ನಿಲ್ಲಿಸಿ ನೋಡಿ.

ಪಿಎಸ್‌ಟಿ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಆ ಫೈಲನ್ನು ಒನ್‌ಡ್ರೈವ್ ಥರ ತಾನೇ ಸಿಂಕ್ ಆಗುವ ಫೋಲ್ಡರಿನಲ್ಲಿ ಇಡಬೇಡಿ, ಔಟ್‌ಲುಕ್ ಅದನ್ನು ಹಿಡಿದುಕೊಂಡಿರುವಾಗ ಎರಡಕ್ಕೂ ಜಗಳ ಹತ್ತುತ್ತದೆ. ವಾರಕ್ಕೊಮ್ಮೆ ಔಟ್‌ಲುಕ್ ಪೂರ್ತಿ ಮುಚ್ಚಿ, ಫೈಲನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಹಳೇ ಕಾಪಿಯ ಮೇಲೇ ಬರೆಯದೆ, ತಾರೀಖು ಹಾಕಿ ಬೇರೆ ಹೆಸರಿನಲ್ಲಿ ಇಡಿ.