ಆಫ್ ಮಾಡುವುದೂ ಸ್ವಿಚ್ ಮುಟ್ಟಿದಂತೆಯೇ

ಗ್ಯಾಸ್ ವಾಸನೆ ಬಂದ ಕೂಡಲೇ ಎಷ್ಟೋ ಮನೆಗಳಲ್ಲಿ ಕೈ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿಗೆ ಹೋಗುತ್ತದೆ. ಸ್ವಲ್ಪ ತಿಳಿದವರು ಫ್ಯಾನ್ ಹಾಕುವುದಿಲ್ಲ, ಉರಿಯುತ್ತಿರುವ ಲೈಟನ್ನು ಆರಿಸುತ್ತಾರೆ, ಎಚ್ಚರ ವಹಿಸಿದೆವೆಂದು ನೆಮ್ಮದಿಪಡುತ್ತಾರೆ. ಇಬ್ಬರೂ ಮಾಡಿದ್ದು ಒಂದೇ ತಪ್ಪು.

ಸ್ವಿಚ್ಚಿನೊಳಗೆ ಎರಡು ಲೋಹದ ತುಣುಕುಗಳು ತಾಗಿಕೊಂಡಿರುತ್ತವೆ. ಆಫ್ ಒತ್ತಿದಾಗ ಅವು ದೂರ ಸರಿಯುತ್ತವೆ. ಆದರೆ ಕಡೆಯ ಗಳಿಗೆಯಲ್ಲಿ ತಾಗಿರುವುದು ಸೂಜಿಮೊನೆಯಷ್ಟು ಜಾಗ ಮಾತ್ರ. ಜಾತ್ರೆಯ ಜನವೆಲ್ಲ ಒಂದೇ ಕಿರುಬಾಗಿಲಿಗೆ ನುಗ್ಗಿದ ಹಾಗೆ ಕರೆಂಟು ಅಲ್ಲಿ ಇಕ್ಕಟ್ಟಾಗುತ್ತದೆ. ಲೋಹ ಕಾಯ್ದು, ಕರಗಿ, ಆವಿಯಾಗುತ್ತದೆ. ಆ ಆವಿಯಲ್ಲೇ ಕಿಡಿ ಜಿಗಿಯುತ್ತದೆ. ಫ್ಯಾನು, ಮಿಕ್ಸಿ, ಫ್ರಿಜ್ಜುಗಳಲ್ಲಿ ತಂತಿಯ ಸುರುಳಿ ಇರುವುದರಿಂದ ಇದು ಇನ್ನೂ ಜೋರು. ಸುರುಳಿಯೊಳಗಿನ ಕರೆಂಟು ಇಳಿಜಾರಿನಲ್ಲಿ ಹೊರಟ ಹೇರುಗಾಡಿಯಂತೆ, ನಿಲ್ಲೆಂದರೆ ನಿಲ್ಲದು. ಜೋರಾಗಿ ಬರುತ್ತಿರುವ ನಲ್ಲಿಯನ್ನು ತಟ್ಟನೆ ಮುಚ್ಚಿದರೆ ಪೈಪು ಧಡ್ ಎನ್ನುತ್ತದಲ್ಲ, ಹಾಗೆ ಸುರುಳಿ ತನ್ನ ವೋಲ್ಟೇಜನ್ನು ತಾನೇ ಏರಿಸಿಕೊಂಡು ಕರೆಂಟನ್ನು ಸಂದಿ ದಾಟಿಸುತ್ತದೆ. ಕತ್ತಲಲ್ಲಿ ಫ್ಯಾನ್ ಆರಿಸಿದಾಗ ಸ್ವಿಚ್ಚಿನ ಬಿರುಕಲ್ಲಿ ಒಮ್ಮೊಮ್ಮೆ ಮಿನುಗುವ ನೀಲಿ ಬೆಳಕು ಇದೇ.

ಎಲ್‌ಪಿಜಿ ಗಾಳಿಯೊಂದಿಗೆ ಹದವಾಗಿ ಬೆರೆತಿದ್ದರೆ ಹೊತ್ತಿಕೊಳ್ಳಲು ಸುಮಾರು 0.25 ಮಿಲಿಜೂಲ್ ಸಾಕು. ಚಳಿಗಾಲದಲ್ಲಿ ಸ್ವೆಟರ್ ಕಳಚಿ ಬಾಗಿಲ ಚಿಲಕ ಮುಟ್ಟಿದಾಗ ಚುರ್ ಎನ್ನುವ ಕಿಡಿಯಲ್ಲೇ ಅದಕ್ಕಿಂತ ಹೆಚ್ಚು ಶಕ್ತಿ ಇರಬಲ್ಲದು. ಹಾಗಾಗಿ ಫ್ರಿಜ್ಜಿನ ಪ್ಲಗ್ ಕೀಳಬಾರದು, ಬಾಗಿಲನ್ನೂ ತೆರೆಯಬಾರದು. ಅದು ತನ್ನಷ್ಟಕ್ಕೆ ತಾನೇ ಆನ್ ಆಗಿ ಆಫ್ ಆಗುವ ಯಂತ್ರ ಬೇರೆ. ನಾವೇನೂ ಮುಟ್ಟಲಿಲ್ಲವೆಂದು ಒಳಗೇ ಕೂರುವುದೂ ಸರಿಯಲ್ಲ. ಮೇನ್ ಸ್ವಿಚ್ ಮನೆಯ ಹೊರಗೆ, ವಾಸನೆ ಇಲ್ಲದ ಕಡೆ ಇದ್ದರೆ ಮಾತ್ರ ಅದನ್ನು ಇಳಿಸಬಹುದು.

1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆ ಸ್ಫೋಟಗೊಂಡು ಮುನ್ನೂರರಷ್ಟು ಜನ ಸತ್ತರು, ಹೆಚ್ಚಿನವರು ಮಕ್ಕಳು. ಕಟ್ಟಡದ ಅಡಿಯಲ್ಲಿ ವಾಸನೆಯೇ ಇಲ್ಲದ ನೈಸರ್ಗಿಕ ಅನಿಲ ತುಂಬಿಕೊಂಡಿತ್ತು. ಮರ ಉಜ್ಜುವ ವಿದ್ಯುತ್ ಯಂತ್ರವೊಂದನ್ನು ಚಾಲೂ ಮಾಡಿದಾಗ ಹಾರಿದ ಕಿಡಿಯೇ ಕಾರಣವೆಂದು ಕಂಡುಬಂತು. ಗ್ಯಾಸಿಗೆ ವಾಸನೆ ಬೆರೆಸುವುದು ಟೆಕ್ಸಾಸಿನಲ್ಲಿ ಕಾನೂನಾದದ್ದು ಆಮೇಲೆ. ನಮ್ಮ ಸಿಲಿಂಡರಿನ ವಾಸನೆಯೂ ಗ್ಯಾಸಿನದಲ್ಲ, ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್‌ನದು. ಮೂಗು ಅದಕ್ಕೆ ಬೇಗ ಒಗ್ಗಿಹೋಗುತ್ತದೆ. ಹೊರಗಿಂದ ಬಂದವರು ವಾಸನೆ ಎಂದರೆ, ಒಳಗಿದ್ದವರು ಇಲ್ಲವೆಂದು ವಾದಿಸಬಾರದು. ಅದನ್ನು ಅಡಗಿಸಲು ಊದುಬತ್ತಿ ಹಚ್ಚಲು ಹೊರಡುವವರಿಗೆ ಏನು ಹೇಳುವುದೋ.

ಸಿಲಿಂಡರಿನ ಈ ಗ್ಯಾಸು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ತೊಟ್ಟಿಯಲ್ಲಿ ನೀರು ನಿಂತಂತೆ ನೆಲದ ಮೇಲೆ ನಿಲ್ಲುತ್ತದೆ, ಹೊಸ್ತಿಲು ದಾಟಿ ಹರಿಯುತ್ತದೆ, ಮೋರಿಗೆ, ಸಂಪಿಗೆ ಇಳಿಯುತ್ತದೆ. ಗಾಳಿಯಲ್ಲಿ ಶೇಕಡಾ 2ರ ಆಸುಪಾಸು ಬೆರೆತರೆ ಹೊತ್ತಿಕೊಳ್ಳಬಲ್ಲದು. 8 ಅಡಿಗೆ 10 ಅಡಿಯ ಅಡುಗೆಮನೆಯಲ್ಲಿ ನೆಲದಿಂದ ಒಂದಡಿ ಎತ್ತರದ ಗಾಳಿ ಸುಮಾರು 2,270 ಲೀಟರ್. ಅದರ ಶೇಕಡಾ 2 ಎಂದರೆ 45 ಲೀಟರ್ ಗ್ಯಾಸ್, ತೂಕದಲ್ಲಿ ಬರೀ 100 ಗ್ರಾಂ. ಸಿಲಿಂಡರಿನಲ್ಲಿರುವುದು 14.2 ಕಿಲೋ! ಗೋಡೆಯ ಮೇಲ್ತುದಿಯ ಎಕ್ಸಾಸ್ಟ್ ಫ್ಯಾನ್ ಆ ಕೆಳಪದರಕ್ಕೆ ಹೆಚ್ಚೇನೂ ಮಾಡದು. ಕಿಟಕಿಯೂ ಸಾಮಾನ್ಯವಾಗಿ ಕಟ್ಟೆಗಿಂತ ಮೇಲಿರುತ್ತದೆ. ತೆರೆಯಬೇಕಾದದ್ದು ಮೊದಲು ಬಾಗಿಲು, ಹಿತ್ತಿಲದ್ದಿದ್ದರೆ ಅದು.

ವಾಸನೆ ಮಂದವಾಗಿದ್ದರೆ ಒಲೆಯ ನಾಬ್‌ಗಳನ್ನೂ ರೆಗ್ಯುಲೇಟರನ್ನೂ ಆಫ್ ಮಾಡಿ, ದೇವರ ದೀಪವನ್ನೂ ಶಾಂತ ಮಾಡಿ, ಅಶುಭವೇನೂ ಆಗದು. ರೆಗ್ಯುಲೇಟರ್ ಆಫ್ ಆದ ಮೇಲೂ ಸುಯ್ ಎನ್ನುತ್ತಿದ್ದರೆ ತಪ್ಪು ಹೆಚ್ಚಾಗಿ ಸಿಲಿಂಡರ್ ವಾಲ್ವಿನೊಳಗಿನ ರಬ್ಬರ್ ಉಂಗುರದ್ದು. ರೆಗ್ಯುಲೇಟರ್ ತೆಗೆದು, ಸಿಲಿಂಡರಿಗೆ ದಾರದಲ್ಲಿ ಕಟ್ಟಿರುವ ಪ್ಲಾಸ್ಟಿಕ್ ಮುಚ್ಚಳವನ್ನು ಅದುಮಿ ಕೂರಿಸಬೇಕು. ಆ ಮುಚ್ಚಳವನ್ನು ಕತ್ತರಿಸಿ ಬಿಸಾಡುವವರೇ ಜಾಸ್ತಿ. ವಾಸನೆ ಗಾಢವಾಗಿದ್ದರೆ ಇದಾವುದೂ ಬೇಡ, ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದಲೇ ಎಲ್‌ಪಿಜಿ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡಿ. ಬೆಂಕಿ ಹೊತ್ತಿದ್ದರೆ 101 ಅಥವಾ 112. ವಾಲ್ವಿನ ಬಾಯಲ್ಲೇ ಗ್ಯಾಸ್ ಉರಿಯುತ್ತಿದ್ದು ಅದನ್ನು ನಿಲ್ಲಿಸಲು ಆಗದಿದ್ದರೆ ಜ್ವಾಲೆ ಆರಿಸಲು ಹೋಗಬೇಡಿ. ಉರಿದು ಹೋಗುತ್ತಿದ್ದ ಗ್ಯಾಸು ಆಗ ಉರಿಯದೆ ಮನೆ ತುಂಬುತ್ತದೆ.

ಬೆಂಗಳೂರಿನ ಅನೇಕ ಮನೆಗಳಿಗೆ ಈಗ ಪೈಪಿನಲ್ಲಿ ಬರುತ್ತಿರುವುದು ಬೇರೆ ಅನಿಲ, ಮುಖ್ಯವಾಗಿ ಮೀಥೇನ್. ಅದು ಗಾಳಿಗಿಂತ ಹಗುರ, ಸೂರಿನತ್ತ ಏರುತ್ತದೆ. ಅಲ್ಲಿ ಮೇಲಿನ ಕಿಟಕಿ, ವೆಂಟಿಲೇಟರುಗಳೇ ಮೊದಲು ತೆರೆಯಬೇಕಾದವು. ಪೈಪಿನ ವಾಲ್ವಿನ ಹಿಡಿ ಪೈಪಿಗೆ ಅಡ್ಡವಾಗಿ ನಿಂತರೆ ಗ್ಯಾಸ್ ಬಂದ್, ಉದ್ದಕ್ಕಿದ್ದರೆ ಚಾಲೂ. ಎಕ್ಸಾಸ್ಟ್ ಫ್ಯಾನ್ ಮಾತ್ರ ಅಲ್ಲೂ ಇದ್ದಂತೆಯೇ ಇರಲಿ.