ಪದ ಪರಿಚಯ: ಪಿಕೆ-ಪಿಡಿ, ಅಥವಾ ಆ್ಯಂಟಿಬಯಾಟಿಕ್ ಎಷ್ಟು, ಎಷ್ಟೊತ್ತಿಗೆ ಅನ್ನುವ ಲೆಕ್ಕ

ಮೂತ್ರದ ಕಲ್ಚರ್ ರಿಪೋರ್ಟ್ ಒಂದನ್ನು ನೋಡೋಣ. ಇ. ಕೋಲೈ ಬ್ಯಾಕ್ಟೀರಿಯಾ ಬೆಳೆದಿದೆ ಅಂತ ಮೇಲೆ ಬರೆದಿದೆ. ಕೆಳಗೆ ಔಷಧಗಳ ಉದ್ದದ ಪಟ್ಟಿ. ಸಿಪ್ರೊಫ್ಲಾಕ್ಸಾಸಿನ್ ಮುಂದೆ 1 ಅಂತಿದೆ, ಪಕ್ಕದಲ್ಲಿ 'ಆರ್'. ಅಂದರೆ ಈ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗುವುದಿಲ್ಲ. ನೈಟ್ರೊಫ್ಯುರಾಂಟೊಯಿನ್ ಮುಂದೆ 16 ಅಂತಿದೆ, ಪಕ್ಕದಲ್ಲಿ 'ಎಸ್'. ಅಂದರೆ ಬಗ್ಗುತ್ತದೆ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಒಂದು ಲೀಟರಿಗೆ ಕನಿಷ್ಠ ಎಷ್ಟು ಮಿಲಿಗ್ರಾಂ ಔಷಧ ಬೇಕು ಅನ್ನುವುದೇ ಆ ಸಂಖ್ಯೆ. ಹಾಗಿದ್ದರೆ 1 ಸಾಕಾಗುವ ಔಷಧ ಬೇಡ, 16 ಬೇಕಾಗುವ ಔಷಧ ಆಗುತ್ತದೆ ಅಂದರೆ ಏನರ್ಥ? ತಲೆಕೆಳಗಾದಂತೆ ಕಾಣುತ್ತದೆ ಅಲ್ವಾ?

ರಿಪೋರ್ಟ್ ಸರಿಯಾಗಿಯೇ ಇದೆ. ಅದನ್ನು ಓದಲು ಬೇಕಾದ ಮಾತು ಪಿಕೆ-ಪಿಡಿ. ಬಿಡಿಸಿ ಹೇಳಿದರೆ ಫಾರ್ಮಕೋಕೈನೆಟಿಕ್ಸ್ ಮತ್ತು ಫಾರ್ಮಕೋಡೈನಮಿಕ್ಸ್. ಬೇರುಗಳು ಗ್ರೀಕ್ ಭಾಷೆಯವು. ಫಾರ್ಮಕಾನ್ ಅಂದರೆ ಔಷಧ, ಕಿನೆಸಿಸ್ ಅಂದರೆ ಚಲನೆ, ಡೈನಮಿಸ್ ಅಂದರೆ ಶಕ್ತಿ. ಮೊದಲನೆಯದು ದೇಹ ಔಷಧಕ್ಕೆ ಏನು ಮಾಡುತ್ತದೆ ಅನ್ನುವುದರ ಲೆಕ್ಕ: ಹೊಟ್ಟೆಯಿಂದ ಎಷ್ಟು ಹೀರಿಕೊಂಡಿತು, ಎಲ್ಲೆಲ್ಲಿ ಹಂಚಿತು, ಲಿವರ್ ಎಷ್ಟು ಮುರಿಯಿತು, ಕಿಡ್ನಿ ಎಷ್ಟು ಹೊರಗೆ ಹಾಕಿತು. ಎರಡನೆಯದು ಔಷಧ ಏನು ಮಾಡುತ್ತದೆ ಅನ್ನುವುದರ ಲೆಕ್ಕ. ಬಿಪಿ ಮಾತ್ರೆಯೋ ನೋವಿನ ಮಾತ್ರೆಯೋ ಆದರೆ ಕೆಲಸ ನಮ್ಮ ಮೈಯ ಮೇಲೇ ನಡೆಯುತ್ತದೆ. ಆ್ಯಂಟಿಬಯಾಟಿಕ್‌ನಲ್ಲಿ ಮೂರನೆಯವನೊಬ್ಬ ಇದ್ದಾನೆ, ಬ್ಯಾಕ್ಟೀರಿಯಾ. ಔಷಧ ಓಡಾಡುವುದು ನಮ್ಮೊಳಗೆ, ಏಟು ಬೀಳಬೇಕಾದದ್ದು ಅವನಿಗೆ. ಅದಕ್ಕೇ ಇಲ್ಲಿ ಎರಡೂ ಲೆಕ್ಕ ಒಟ್ಟಿಗೆ ಹಾಕಬೇಕು.

ಆ 1, 16 ಅನ್ನುವ ಸಂಖ್ಯೆಗೆ ಲ್ಯಾಬ್‌ನಲ್ಲಿ ಎಂಐಸಿ ಅನ್ನುತ್ತಾರೆ. ಇದನ್ನು ಕಂಡುಹಿಡಿಯುವ ಹಳೆಯ ವಿಧಾನ ತುಂಬಾ ಸರಳ. ಸಾಲಾಗಿ ಗಾಜಿನ ಕೊಳವೆಗಳು. ಎಲ್ಲದರಲ್ಲೂ ಬ್ಯಾಕ್ಟೀರಿಯಾಗೆ ಬೇಕಾದ ತಿಳಿಸಾರು, ಎಲ್ಲದಕ್ಕೂ ಒಂದೇ ಪ್ರಮಾಣದ ಬ್ಯಾಕ್ಟೀರಿಯಾ. ಔಷಧ ಮಾತ್ರ ಒಂದರಿಂದ ಒಂದಕ್ಕೆ ದುಪ್ಪಟ್ಟು: 0.25, 0.5, 1, 2, 4, 8. ರಾತ್ರಿಯಿಡೀ ಮೈ ಬಿಸಿಯಷ್ಟು ಶಾಖದಲ್ಲಿ ಇಡುತ್ತಾರೆ. ಬೆಳಗ್ಗೆ ನೋಡಿದರೆ ಕೆಲವು ಕೊಳವೆಗಳು ಅಕ್ಕಿ ತೊಳೆದ ನೀರಿನ ಹಾಗೆ ಕದಡಿರುತ್ತವೆ. ಎಲ್ಲಿಂದ ತಿಳಿಯಾಗಿ ಕಾಣಲು ಶುರುವಾಗುತ್ತದೋ ಆ ಮೊದಲ ಕೊಳವೆಯ ಸಂಖ್ಯೆಯೇ ಎಂಐಸಿ. ಈಗ ದೊಡ್ಡ ಲ್ಯಾಬ್‌ಗಳಲ್ಲಿ ಇದನ್ನೇ ಮೆಷಿನ್ ಪುಟ್ಟ ಪುಟ್ಟ ಗುಳಿಗಳಲ್ಲಿ ಮಾಡುತ್ತದೆ.

ಆದರೆ ಕೊಳವೆಗೆ ಕಿಡ್ನಿ ಇಲ್ಲ. ಅಲ್ಲಿ ಹಾಕಿದ ಔಷಧ ಅಲ್ಲೇ ಇರುತ್ತದೆ. ಮನುಷ್ಯನ ಮೈಯಲ್ಲಿ ಹಾಗಲ್ಲ. ನೈಟ್ರೊಫ್ಯುರಾಂಟೊಯಿನ್ ನುಂಗಿದರೆ ರಕ್ತದಲ್ಲಿ ಲೀಟರಿಗೆ 1 ಮಿಗ್ರಾಂ ದಾಟುವುದೇ ಕಷ್ಟ. ಕಿಡ್ನಿ ಅದನ್ನು ಬೇಗ ಬೇಗ ಮೂತ್ರಕ್ಕೆ ಸೇರಿಸಿಬಿಡುತ್ತದೆ. ಮೂತ್ರಚೀಲದಲ್ಲಿ ಅದು 16ಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಹಾಗಾಗಿ ಮೂತ್ರಚೀಲದ ಉರಿಗೆ ಅದು ಒಳ್ಳೆಯ ಔಷಧ. ಅದೇ ಸೋಂಕು ಮೇಲಕ್ಕೆ ಹತ್ತಿ, ಚಳಿಜ್ವರ ಬಂದು, ಕಿಡ್ನಿಗೇ ತಗುಲಿದರೆ ಅದೇ ರಿಪೋರ್ಟ್, ಅದೇ 'ಎಸ್' ಇದ್ದರೂ ಆ ಮಾತ್ರೆ ಕೊಡಬಾರದು. ಕಿಡ್ನಿಯ ಮಾಂಸದಲ್ಲಿ, ರಕ್ತದಲ್ಲಿ ಅದು ಬೇಕಾದಷ್ಟು ಇರುವುದೇ ಇಲ್ಲ. ಇನ್ನು ಸಿಪ್ರೊಫ್ಲಾಕ್ಸಾಸಿನ್. 500 ಮಿಗ್ರಾಂ ನುಂಗಿದರೆ ರಕ್ತದಲ್ಲಿ ಏರುವುದು ಹೆಚ್ಚೆಂದರೆ ಲೀಟರಿಗೆ 2-3 ಮಿಗ್ರಾಂ. ಈ ಔಷಧ ಗೆಲ್ಲಬೇಕಾದರೆ ಎಂಐಸಿಯನ್ನು ಸುಮ್ನೆ ಮುಟ್ಟಿದರೆ ಸಾಲದು, ಇಡೀ ದಿನದ ಲೆಕ್ಕದಲ್ಲಿ ಅದಕ್ಕಿಂತ ಬಹಳ ಮೇಲಿರಬೇಕು. ಸಾಮಾನ್ಯ ಇ. ಕೋಲೈಗೆ 0.06ಕ್ಕಿಂತ ಕಡಿಮೆ ಸಿಪ್ರೊ ಸಾಕು. 1 ಅಂತ ಬಂದಿದೆ ಅಂದರೆ ಬ್ಯಾಕ್ಟೀರಿಯಾ ಆಗಲೇ ರೂಪ ಬದಲಿಸಿಕೊಂಡಿದೆ. ಹಾಗಾಗಿ ರಿಪೋರ್ಟ್‌ನಲ್ಲಿ ಎಲ್ಲಕ್ಕಿಂತ ಚಿಕ್ಕ ಸಂಖ್ಯೆ ಹುಡುಕಿ ಅದೇ ಒಳ್ಳೆಯ ಔಷಧ ಅಂತ ತೀರ್ಮಾನಿಸುವುದು ತಪ್ಪು. ಪ್ರತಿ ಔಷಧಕ್ಕೂ ಅದರದೇ ಗೆರೆ ಇರುತ್ತದೆ. ಆ ಗೆರೆ ಎಳೆಯುವಾಗ ಔಷಧ ಮೈಯಲ್ಲಿ ಎಷ್ಟು ಮಟ್ಟ ತಲುಪುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ.

ಈಗ ಹೊತ್ತಿನ ವಿಷಯ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ, ಯಾಕೆಂದರೆ ಇದು ನಮ್ಮ ಅಡುಗೆಮನೆಗೇ ಬಂದು ನಿಲ್ಲುತ್ತದೆ. ನಮ್ಮಮ್ಮ ಅಮಾಕ್ಸಿಸಿಲಿನ್ ಮಾತ್ರೆಯನ್ನು ಸಾಂಬಾರ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದರು. ತಿಂಡಿ ಆದಮೇಲೆ 8 ಗಂಟೆಗೆ ಒಂದು, ಮಧ್ಯಾಹ್ನ ಊಟಕ್ಕೆ ಒಂದೂವರೆಗೆ ಒಂದು, ರಾತ್ರಿ ಊಟಕ್ಕೆ ಎಂಟೂವರೆಗೆ ಒಂದು. ಚೀಟಿಯಲ್ಲಿ ದಿನಕ್ಕೆ ಮೂರು ಅಂತಿತ್ತು, ಮೂರೂ ಆಯಿತು. ಆದರೆ ರಾತ್ರಿಯಿಂದ ಬೆಳಗ್ಗೆಗೆ ಹನ್ನೊಂದೂವರೆ ಗಂಟೆ ಅಂತರ.

ಅಮಾಕ್ಸಿಸಿಲಿನ್ ರಕ್ತದಲ್ಲಿ ಸುಮಾರು ಒಂದು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಲೆಕ್ಕ ಸುಲಭವಾಗಲಿ ಅಂತ 500 ಮಿಗ್ರಾಂ ನುಂಗಿದಾಗ ರಕ್ತದಲ್ಲಿ 8ಕ್ಕೆ ಏರಿತು ಅಂತಿಟ್ಟುಕೊಳ್ಳಿ. ಒಂದು ಗಂಟೆಗೆ 4, ಇನ್ನೊಂದಕ್ಕೆ 2, ಮತ್ತೊಂದಕ್ಕೆ 1. ಬ್ಯಾಕ್ಟೀರಿಯಾದ ಎಂಐಸಿ 1 ಆಗಿದ್ದರೆ, ಏರುವ ಹೊತ್ತೂ ಸೇರಿ ನಾಲ್ಕೂವರೆ ಗಂಟೆ ಔಷಧ ಅದರ ಮೇಲಿರುತ್ತದೆ. ಅಮಾಕ್ಸಿಸಿಲಿನ್ ಸೇರಿದ ಪೆನಿಸಿಲಿನ್ ಗುಂಪಿಗೆ, ಒಂದು ಡೋಸ್‌ನಿಂದ ಇನ್ನೊಂದು ಡೋಸ್‌ವರೆಗಿನ ಅಂತರದಲ್ಲಿ ಸುಮಾರು ಅರ್ಧ ಹೊತ್ತು ಎಂಐಸಿ ಮೇಲಿರಬೇಕು ಅನ್ನುವುದು ಗುರಿ. ಎಂಟೆಂಟು ಗಂಟೆಗೆ ಕೊಟ್ಟರೆ ಗುರಿ ಮುಟ್ಟುತ್ತದೆ. ರಾತ್ರಿಯ ಆ ಹನ್ನೊಂದೂವರೆ ಗಂಟೆಯಲ್ಲಿ ಮಾತ್ರ ಏಳು ಗಂಟೆ ಕಾವಲೇ ಇಲ್ಲ.

ಹಾಗಾದರೆ ರಾತ್ರಿ ಎರಡು ಮಾತ್ರೆ ಒಟ್ಟಿಗೆ ನುಂಗಿದರೆ? 8ರ ಬದಲು 16ಕ್ಕೆ ಏರುತ್ತದೆ. 16ರಿಂದ 8ಕ್ಕೆ ಇಳಿಯಲು ಹಿಡಿಯುವುದು ಒಂದೇ ಗಂಟೆ. ಅಂದರೆ ಎರಡು ಪಟ್ಟು ಔಷಧ ಹಾಕಿ ಗಳಿಸಿದ್ದು ಒಂದು ಗಂಟೆ! ಇದನ್ನು ಮೊದಲ ಸಲ ಕಾಗದದ ಮೇಲೆ ಬರೆದು ನೋಡಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಜಾಸ್ತಿ ಡೋಸ್ ಅಂದರೆ ಜಾಸ್ತಿ ಕೆಲಸ ಅಂತಲೇ ನಂಬಿದ್ದೆ.

ಗಂಟಲು ನೋವಿನ ಸ್ಟ್ರೆಪ್ಟೊಕಾಕಸ್ ಆದರೆ ಕಥೆ ಬೇರೆ. ಅದರ ಎಂಐಸಿ 0.03ರ ಆಸುಪಾಸು, ಇಲ್ಲವೇ ಇನ್ನೂ ಕಡಿಮೆ. 8ರಿಂದ ಅರ್ಧರ್ಧ ಮಾಡುತ್ತಾ ಅಲ್ಲಿಗೆ ಇಳಿಯಲು ಎಂಟು ಗಂಟೆ ಬೇಕು. ಮಾತ್ರೆ ಅದೇ, ಹೊಟ್ಟೆ ಅದೇ, ಕಾವಲಿನ ಹೊತ್ತು ಮಾತ್ರ ಹೆಚ್ಚುಕಡಿಮೆ ಎರಡರಷ್ಟು. ಅದಕ್ಕೇ ಒಂದೇ ಔಷಧವನ್ನು ಒಂದು ಕಾಯಿಲೆಗೆ ದಿನಕ್ಕೆರಡು, ಇನ್ನೊಂದಕ್ಕೆ ಮೂರು ಅಂತ ಬರೆಯುತ್ತಾರೆ. ನಮ್ಮಮ್ಮ ಆಮೇಲೆ ಡಾಕ್ಟರನ್ನು ಕೇಳಿ ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 10ಕ್ಕೆ ಬದಲಿಸಿಕೊಂಡರು. ಈ ಔಷಧಕ್ಕೆ ಊಟದ ಹಂಗು ಹೆಚ್ಚಿಲ್ಲ. ಎಲ್ಲಕ್ಕೂ ಹಾಗಲ್ಲ. ಸಿಪ್ರೊಫ್ಲಾಕ್ಸಾಸಿನ್ ಅನ್ನು ಹಾಲಿನ ಜೊತೆ ನುಂಗಿದರೆ ಹಾಲಿನ ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಕಬ್ಬಿಣಾಂಶದ ಮಾತ್ರೆ, ಆ್ಯಸಿಡಿಟಿಯ ಕೆಲವು ಔಷಧಗಳೂ ಹೀಗೇ ಅಡ್ಡ ಬರುತ್ತವೆ.

ಹೊತ್ತಿನ ಲೆಕ್ಕದಲ್ಲಿ ಅಮಾಕ್ಸಿಸಿಲಿನ್‌ಗೆ ಪೂರ್ತಿ ಉಲ್ಟಾ ಔಷಧವೂ ಇದೆ, ಜೆಂಟಾಮೈಸಿನ್. ಒಂದು ಕಾಲದಲ್ಲಿ ಇದನ್ನೂ ದಿನಕ್ಕೆ ಮೂರು ಸಲ ಚುಚ್ಚುತ್ತಿದ್ದರು. ಈಗ ಹೆಚ್ಚಿನ ಸೋಂಕುಗಳಿಗೆ ಇಡೀ ದಿನದ್ದನ್ನು ಒಂದೇ ಸಲ ಕೊಡುತ್ತಾರೆ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕಿಣ್ವಗಳಿಗೆ ಅಂಟಿಕೊಳ್ಳುತ್ತದೆ. ಎಂಐಸಿಯ ನಾಲ್ಕು ಪಟ್ಟಿನ ಹೊತ್ತಿಗೆ ಆ ಜಾಗಗಳೆಲ್ಲ ಹೆಚ್ಚುಕಡಿಮೆ ತುಂಬಿಹೋಗಿರುತ್ತವೆ. ಆಮೇಲೆ ಸುರಿದದ್ದು ದಂಡ. ಜೆಂಟಾಮೈಸಿನ್ ಒಳಗೇ ನುಗ್ಗಿ, ಪ್ರೋಟೀನ್ ತಯಾರಿಸುವ ಜಾಗವನ್ನೇ ಕೆಡಿಸುತ್ತದೆ. ಜಾಸ್ತಿ ನುಗ್ಗಿದಷ್ಟೂ ಜಾಸ್ತಿ ಹಾನಿ. ಹಾಗಾಗಿ ಎಂಐಸಿಯ 8-10 ಪಟ್ಟು ಎತ್ತರಕ್ಕೆ ಒಮ್ಮೆ ಏರಿಸಿ ಬಿಡುವುದು ಲೇಸು. ಮಟ್ಟ ಇಳಿದ ಮೇಲೂ ಏಟು ತಿಂದ ಬ್ಯಾಕ್ಟೀರಿಯಾ ಕೆಲ ಗಂಟೆ ತಲೆಯೆತ್ತುವುದಿಲ್ಲ. ಕಿಡ್ನಿಗೂ ಇದರಿಂದ ಒಳ್ಳೆಯದೇ. ಕಿಡ್ನಿಯ ಕೋಶಗಳು ಈ ಔಷಧವನ್ನು ಒಂದು ಮಿತಿಯ ವೇಗದಲ್ಲಿ ಮಾತ್ರ ಒಳಗೆ ಎಳೆದುಕೊಳ್ಳುತ್ತವೆ. ದಿನವಿಡೀ ಸ್ವಲ್ಪ ಸ್ವಲ್ಪ ಸಿಗುತ್ತಿದ್ದರೆ ಎಳೆದುಕೊಳ್ಳುತ್ತಲೇ ಇರುತ್ತವೆ. ಒಮ್ಮೆಲೇ ಕೊಟ್ಟು ಬಿಟ್ಟರೆ ಉಳಿದ ಹೊತ್ತು ಬಿಡುವು.

ವ್ಯಾಂಕೊಮೈಸಿನ್ ಇವೆರಡರ ನಡುವಿನದು. ದಿನವಿಡೀ ರಕ್ತದ ಮಟ್ಟವನ್ನು ಗ್ರಾಫ್ ಬರೆದರೆ ಗೆರೆಯ ಕೆಳಗೆ ಬರುವ ಒಟ್ಟು ಜಾಗ ಮುಖ್ಯ. ಅದು ಎಂಐಸಿಯ 400ರಿಂದ 600 ಪಟ್ಟು ಇರಲಿ ಅಂತ 2020ರ ಅಮೆರಿಕದ ಮಾರ್ಗಸೂಚಿ ಹೇಳಿತು.

ಡೋಸ್‌ನ ಲೆಕ್ಕ ಹೆಚ್ಚಾಗಿ ಕೈಕೊಡುವುದು ಐಸಿಯುನಲ್ಲಿ. ಸೋಂಕು ರಕ್ತಕ್ಕೆ ಏರಿದ ರೋಗಿಗೆ ಬಾಟಲಿಗಟ್ಟಲೆ ನೀರು ಹತ್ತಿಸಿರುತ್ತಾರೆ, ಮೈ ಊದಿರುತ್ತದೆ, ಔಷಧ ಅಷ್ಟೂ ನೀರಿನಲ್ಲಿ ತೆಳುವಾಗುತ್ತದೆ. ಕೆಲವರ ಕಿಡ್ನಿ ಕೆಲಸ ನಿಲ್ಲಿಸಿರುತ್ತದೆ, ಅವರಲ್ಲಿ ಔಷಧ ಉಳಿದುಬಿಡುತ್ತದೆ. ಅಪಘಾತವಾಗಿ ಬಂದ ಯುವಕರಲ್ಲಿ ಎಷ್ಟೋ ಸಲ ಕಿಡ್ನಿ ಮಾಮೂಲಿಗಿಂತ ಜೋರಾಗಿ ಓಡುತ್ತಿರುತ್ತದೆ, ಔಷಧ ಬಂದಷ್ಟೇ ಬೇಗ ಹೊರಗೆ. ಒಂದೇ ವಾರ್ಡ್, ಒಂದೇ ಡೋಸ್, ಮೂರು ಬೇರೆ ಮಟ್ಟ. ಹಾಗಾಗಿ ಪೆನಿಸಿಲಿನ್‌ನ ಹಾಗೆ ಹೊತ್ತೇ ಮುಖ್ಯವಾದ ಮೆರೊಪೆನೆಮ್‌ನಂಥ ಔಷಧವನ್ನು ಅರ್ಧ ಗಂಟೆಯಲ್ಲಿ ಮುಗಿಸದೆ, ಮೊದಲ ಡೋಸ್ ಬೇಗ ಕೊಟ್ಟು, ಆಮೇಲೆ ಪಂಪ್‌ನಲ್ಲಿ ಮೂರು ಗಂಟೆ ಅಥವಾ ದಿನವಿಡೀ ಹನಿಸುವ ಪದ್ಧತಿ ಬಂದಿದೆ. ಇದರ ದೊಡ್ಡ ಪರೀಕ್ಷೆ ಬ್ಲಿಂಗ್-3. 2024ರಲ್ಲಿ ಫಲಿತಾಂಶ ಬಂತು. ಏಳು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ 90 ದಿನದೊಳಗೆ ತೀರಿಕೊಂಡವರು ದಿನವಿಡೀ ಹನಿಸಿದ ಗುಂಪಿನಲ್ಲಿ ನೂರಕ್ಕೆ 24.9, ಬಿಟ್ಟು ಬಿಟ್ಟು ಕೊಟ್ಟ ಗುಂಪಿನಲ್ಲಿ 26.8. ಆ ಒಂದು ಪರೀಕ್ಷೆಯಿಂದಲೇ ಖಚಿತ ಅನ್ನುವಷ್ಟು ಅಂತರ ಅಲ್ಲ. ಹಿಂದಿನ ಪರೀಕ್ಷೆಗಳನ್ನೂ ಕೂಡಿಸಿ ನೋಡಿದಾಗ ಹನಿಸುವುದರ ಕಡೆಗೇ ತಕ್ಕಡಿ ವಾಲುತ್ತದೆ.

ಔಷಧ ಬೇಗ ಹೊರಗೆ ಹೋಗುವ ಈ ಕಷ್ಟ ಪೆನಿಸಿಲಿನ್ ಹುಟ್ಟಿದ ದಿನದಿಂದಲೂ ಇದೆ. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಅನ್ನುವ ಪೊಲೀಸ್ ಪೇದೆಗೆ ಅದನ್ನು ಕೊಟ್ಟರು. ಕೆಲವೇ ದಿನದಲ್ಲಿ ಆತ ಚೇತರಿಸಿಕೊಳ್ಳತೊಡಗಿದ. ಇದ್ದ ಔಷಧ ತೀರಾ ಸ್ವಲ್ಪ. ಆತನ ಮೂತ್ರದಲ್ಲಿ ಹೊರಬಂದ ಪೆನಿಸಿಲಿನ್ ಅನ್ನೇ ಮತ್ತೆ ಬೇರ್ಪಡಿಸಿ ಆತನಿಗೇ ಚುಚ್ಚಿದರು. ಅದೂ ಮುಗಿಯಿತು. ಮಾರ್ಚ್ 15ರಂದು ಆತ ತೀರಿಕೊಂಡ.

ಆಮೇಲೆ ಬಂದದ್ದು ಬೆಂಜಾಥಿನ್ ಪೆನಿಸಿಲಿನ್. ಅದೇ ಪೆನಿಸಿಲಿನ್, ಆದರೆ ನೀರಿನಲ್ಲಿ ಸುಲಭವಾಗಿ ಕರಗದ ಉಪ್ಪಿನ ರೂಪದಲ್ಲಿ. ಹಾಲಿನಂತೆ ಬಿಳಿ, ಮಂದ, ಚುಚ್ಚಿದರೆ ಚೆನ್ನಾಗಿ ನೋಯುತ್ತದೆ. ಸೊಂಟದ ಮಾಂಸದಲ್ಲಿ ಕೂತು ವಾರಗಟ್ಟಲೆ ಚೂರು ಚೂರೇ ಕರಗುತ್ತದೆ. ರಕ್ತದಲ್ಲಿ ಮಟ್ಟ ತೀರಾ ಕಡಿಮೆ. ಆದರೂ ನಡೆಯುತ್ತದೆ, ಯಾಕೆಂದರೆ ಎದುರಿಗಿರುವುದು ಅದೇ ಗಂಟಲಿನ ಸ್ಟ್ರೆಪ್ಟೊಕಾಕಸ್. ಇಷ್ಟು ವರ್ಷವಾದರೂ ಪೆನಿಸಿಲಿನ್‌ಗೆ ಅದು ಬಗ್ಗುತ್ತಲೇ ಇದೆ. ಈ ಸ್ಟ್ರೆಪ್ಟೊಕಾಕಸ್ ಗಂಟಲು ನೋವಿನ ಬೆನ್ನಿಗೇ ರುಮಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಟ್ಟ ಮಕ್ಕಳಿಗೆ, ಮತ್ತೆ ಆ ಜ್ವರ ಮರುಕಳಿಸದಿರಲಿ ಅಂತ ನಮ್ಮ ದೇಶದಲ್ಲಿ ವರ್ಷಗಟ್ಟಲೆ ಕೊಡುವುದು ಇದನ್ನೇ. 12 ಲಕ್ಷ ಯೂನಿಟ್, ತೂಕ ಕಡಿಮೆಯಿರುವ ಮಕ್ಕಳಿಗೆ 6 ಲಕ್ಷ. ಸಾಮಾನ್ಯವಾಗಿ 21 ದಿನಕ್ಕೊಮ್ಮೆ. ನಾಲ್ಕನೇ ವಾರದ ಹೊತ್ತಿಗೆ ಎಷ್ಟೋ ಮಕ್ಕಳ ರಕ್ತದಲ್ಲಿ ಮಟ್ಟ ಬೇಕಾದ್ದಕ್ಕಿಂತ ಕೆಳಗೆ ಇಳಿದಿರುತ್ತದೆ. ಪರೀಕ್ಷೆ ಇದೆ, ಊರಲ್ಲಿ ಜಾತ್ರೆ ಇದೆ ಅಂತ ಒಂದು ವಾರ ಮುಂದೆ ಹಾಕಿದರೆ, ಮಗು ಕಾವಲಿಲ್ಲದೆ ಓಡಾಡುವುದು ಅದೇ ವಾರದಲ್ಲಿ.