ಲಾವಂಚ: ಅಂಗಳದಲ್ಲಿ ಬೆಳೆಸುವವರಿಗೆ ಟಿಪ್ಪಣಿ

ಅಂದಕ್ಕೆಂದು ನರ್ಸರಿಗಳಲ್ಲಿ ಮಾರುವ ಫೌಂಟನ್ ಗ್ರಾಸ್ ಆಫ್ರಿಕಾ ಮೂಲದ್ದು. ಅದರ ಬೀಜ ಗಾಳಿಗೆ ಹಾರಿ ಬೇಡದ ಕಡೆಯೂ ಮೊಳೆಯುತ್ತದೆ. ನಮ್ಮ ಲಾವಂಚಕ್ಕೆ ಆ ತಂಟೆಯಿಲ್ಲ. ದಕ್ಷಿಣ ಭಾರತದ ತಳಿಗಳಲ್ಲಿ ಮೊಳೆಯುವ ಬೀಜ ಕಟ್ಟುವುದು ತೀರ ಅಪರೂಪ, ಗರಿಕೆಯಂತೆ ಹಬ್ಬುವುದೂ ಇಲ್ಲ. ಗುಂಡ್ಲುಪೇಟೆ ಸೀಮೆಯ ರೈತರು ಹೊಲದ ಗಡಿಗೆ ಇದನ್ನು ನೆಡುತ್ತ ಬಂದಿದ್ದೂ ಇದಕ್ಕೇ: ನೆಟ್ಟ ಸಾಲು ಜಾಗ ಬಿಟ್ಟು ಕದಲದು.

ತರುವಾಗ ಒಂದು ಎಲೆ ಹೊಸಕಿ ನೋಡಿ. ನಿಂಬೆಯ ವಾಸನೆ ಬಂದರೆ ಅದು ಮಜ್ಜಿಗೆ ಹುಲ್ಲು. ಲಾವಂಚದ ಪರಿಮಳ ಇರುವುದು ಬೇರಿನಲ್ಲಿ.

ಬೀಜ ಇಲ್ಲದ್ದರಿಂದ ಹಳೆಯ ಬುಡವನ್ನು ಸೀಳಿಯೇ ಸಸಿ ಮಾಡಬೇಕು. ಪ್ರತಿ ತುಂಡಿನಲ್ಲಿ 2–3 ತೆಂಡೆ (ಬುಡದಿಂದ ಒಡೆಯುವ ಮರಿ) ಇರಲಿ. ಒಂದೇ ತೆಂಡೆಯದು ಬದುಕಿದರೂ ಮೆಳೆಯಾಗಲು ತಡ. ಎಲೆಯನ್ನು 20 ಸೆಂ.ಮೀ.ಗೆ, ಬೇರನ್ನು 10 ಸೆಂ.ಮೀ.ಗೆ ಕತ್ತರಿಸಿ. ಉದ್ದ ಎಲೆ ಉಳಿಸುವ ಆಸೆ ಬೇಡ. ಹೊಸ ಬೇರು ಬರುವ ಮೊದಲೇ ಅದು ತೇವವನ್ನೆಲ್ಲ ಹೊರಬಿಟ್ಟು ಸಸಿಯನ್ನು ಒಣಗಿಸುತ್ತದೆ. ಕಿತ್ತ ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಆದಷ್ಟು ಬೇಗ ನೆಡಿ.

ಜೂನ್‌ನ ಮೊದಲ ಹದ ಮಳೆ ಸರಿಯಾದ ಕಾಲ. ಬೇಲಿಯಂತೆ ಸಾಲು ಬೇಕಾದರೆ ಸಸಿಯಿಂದ ಸಸಿಗೆ 10–15 ಸೆಂ.ಮೀ., ಬಿಡಿ ಮೆಳೆಗಳಾಗಿ ಬೇಕಾದರೆ ಕನಿಷ್ಠ 60 ಸೆಂ.ಮೀ. ಗುಂಡಿಗೆ ಒಂದು ಬೊಗಸೆ ಹಳೆಯ ಕೊಟ್ಟಿಗೆ ಗೊಬ್ಬರ ಸಾಕು. ಬುಡ ನೆಲದ ಮಟ್ಟಕ್ಕಿಂತ ಸ್ವಲ್ಪವೇ ಕೆಳಗಿರಲಿ, ಸುತ್ತಲ ಮಣ್ಣನ್ನು ಕಾಲಿನಿಂದ ಒತ್ತಿ. ಮಳೆ ಕೈಕೊಟ್ಟರೆ ಮೊದಲ ತಿಂಗಳು ಎರಡು ದಿನಕ್ಕೊಮ್ಮೆ ನೀರು ಕೊಡಿ.

ಒಮ್ಮೆ ಬೇರೂರಿದ ಮೇಲೆ ಬರಕ್ಕೂ ಬಗ್ಗದು, ಕೆಲಕಾಲ ನಿಂತ ನೀರಿಗೂ ಬಗ್ಗದು. ಅದಕ್ಕೆ ಆಗದ್ದು ನೆರಳು. ಮಾವಿನ ಮರದಡಿ ನೆಟ್ಟರೆ ತೆಂಡೆ ಒಡೆಯದೆ ಸೊರಗುತ್ತದೆ, ಎಷ್ಟು ಗೊಬ್ಬರ ಸುರಿದರೂ ಚೇತರಿಸದು. ಬಿಸಿಲಿನಲ್ಲಿದ್ದ ಗಿಡಕ್ಕೂ ಯೂರಿಯಾ ಹೆಚ್ಚು ಹಾಕಿದರೆ ಎಲೆ ಮೆತ್ತಗಾಗಿ ಮೊದಲ ಗಾಳಿಮಳೆಗೇ ಮಲಗುತ್ತದೆ.

ಎರಡನೆಯ ವರ್ಷದಿಂದ ಸವರುವ ಕೆಲಸ ಶುರು. ಇದನ್ನು ಬಿಟ್ಟವರ ಮೆಳೆಯೇ ಕೆಡುವುದು: ಒಣಗಿದ ಎಲೆ ನಡುವೆ ತುಂಬಿಕೊಂಡು, ಬೆಳಕು ಸಿಗದ ಒಳಗಿನ ತೆಂಡೆಗಳು ಸಾಯುತ್ತವೆ, ಸತ್ತ ಕಡ್ಡಿಗೆ ಗೆದ್ದಲು ಬರುತ್ತದೆ. ಮುಂಗಾರಿಗೆ ಮುಂಚೆ ಹರಿತವಾದ ಕುಡುಗೋಲಿನಿಂದ ನೆಲದಿಂದ 30–40 ಸೆಂ.ಮೀ. ಬಿಟ್ಟು ಕೊಯ್ಯಿರಿ. ಎಲೆಯಂಚು ಚರ್ಮ ಕೊಯ್ಯುತ್ತದೆ, ತುಂಬುತೋಳಿನ ಅಂಗಿ ತೊಡಿ. ಕೊಯ್ದದ್ದು ಗಿಡಗಳ ಬುಡಕ್ಕೆ ಒಳ್ಳೆಯ ಹೊದಿಕೆ. ನಡು ಆಗಲೇ ಸತ್ತಿದ್ದರೆ ಮೆಳೆಯನ್ನು ಅಗೆದು, ಅಂಚಿನ ಎಳೆಯ ತೆಂಡೆಗಳನ್ನು ಬೇರ್ಪಡಿಸಿ ಹೊಸದಾಗಿ ನೆಡಬೇಕು.

ಬೇರು ಬೇಕೆನ್ನುವವರು ನೆಲದಲ್ಲಿ ನೆಡಬೇಡಿ. ಅದು ಎರಡು–ಮೂರು ಮೀಟರ್ ಆಳಕ್ಕೆ ಇಳಿದಿರುತ್ತದೆ, ಅಗೆದರೆ ಅರ್ಧ ತುಂಡಾಗಿ ಉಳಿಯುತ್ತದೆ. ಹಳೆಯ ಡ್ರಮ್ಮಿನ ತಳಕ್ಕೆ ತೂತು ಕೊರೆದು, ಮರಳು ಬೆರೆಸಿದ ಮಣ್ಣು ತುಂಬಿ ಬೆಳೆಸಿ. ಒಂದೂವರೆ ವರ್ಷಕ್ಕೆ ಡ್ರಮ್ಮು ಉರುಳಿಸಿ ಮಣ್ಣು ತೊಳೆದರೆ ಬೇರಿನ ಗೊಂಚಲು ಇಡಿಯಾಗಿ ಕೈಗೆ ಬರುತ್ತದೆ. ನೆರಳಿನಲ್ಲಿ ಒಣಗಿಸಿ, ಕುಡಿಯುವ ನೀರಿನ ಮಡಕೆಗೆ ಹಾಕಬಹುದು.